ಬಣ್ಣ ಹುಡುಕುವ ಫಂಕ್ಷನ್ನೂ ಹಲ್ಲಕ್ಕನೂ

ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಅವಳಿಗೆ ಹಲ್ಲಕ್ಕ ಎಂದೇ ಹೆಸರು. ಹತ್ತೊಂಬತ್ತು ವರ್ಷದಿಂದ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಬಾಯಲ್ಲಿ ಉಳಿದ ಹಲ್ಲುಗಳ ಬಣ್ಣಕ್ಕೆ ಹೊಸ ಹಲ್ಲನ್ನು ಹೊಂದಿಸುವುದೇ ಕೆಲಸ. ಬಿಳಿಯಲ್ಲೇ ಹದಿನಾರು ಬಗೆ ಇದೆಯೆಂದು ತಿಳಿಯದವರು ಅವಳ ಪಾಲಿಗೆ ಅರೆಗುರುಡರು.

ಸಂಜೆ ಮನೆಗೆ ಬಂದರೆ ಒಂದೇ ಚಟ: ಚಿತ್ರವಿಲ್ಲದ, ಬರೀ ಅಕ್ಷರಗಳಲ್ಲಿ ನಡೆಯುವ ಆನ್‌ಲೈನ್ ಆಟ. ಆಡುವ ತಂತ್ರಾಂಶಕ್ಕೆ ಸ್ಕ್ರಿಪ್ಟ್ ಎಂಬ ಪುಟ್ಟ ಆಜ್ಞೆಗಳನ್ನು ಬರೆದು, ಯಾವ ಸಾಲು ಯಾವ ಬಣ್ಣದಲ್ಲಿ ಕಾಣಬೇಕೆಂದು ಆಡುವವರೇ ಹೇಳಬಹುದು. ವಿಷದ ಎಚ್ಚರಿಕೆಗೆ ಅವಳು ‘ಡಾರ್ಕ್ ಆರೆಂಜ್’ ಎಂದು ಬರೆದಿದ್ದಳು. ತಂತ್ರಾಂಶದ ಪಟ್ಟಿಯಲ್ಲಿ ಆ ಎರಡು ಪದಗಳ ನಡುವೆ ಜಾಗವಿರಲಿಲ್ಲ. ಹೆಸರು ಸಿಗಲಿಲ್ಲವೆಂದು ಅದು ತುಟಿಪಿಟಕ್ಕೆನ್ನದೆ ಕಪ್ಪು ಕೊಟ್ಟಿತು. ಕಪ್ಪು ಪರದೆಯ ಮೇಲೆ ಕಪ್ಪು ಅಕ್ಷರ! ಎಚ್ಚರಿಕೆ ಕಾಣಲೇ ಇಲ್ಲ; ಆಟದಲ್ಲಿ ಮೂರು ವರ್ಷ ಸಾಕಿದ ಅವಳ ಯೋಧ ವಿಷವೇರಿ ಸತ್ತ.

ಯಾರು ಬೇಕಾದರೂ ನೋಡಿ ತಿದ್ದಬಹುದಾದ ಆ ತಂತ್ರಾಂಶದ ಕೋಡ್ ತೆರೆದು ನೋಡಿದಳು. ಬಣ್ಣ ಹುಡುಕುವ ಫಂಕ್ಷನ್ನು, ಅಂದರೆ ಆ ಕೆಲಸಕ್ಕೆಂದೇ ಇರುವ ಕೋಡಿನ ತುಣುಕು, ಪ್ರತಿ ಸಲವೂ ಪಟ್ಟಿಯನ್ನು ತಲೆಯಿಂದ ಬುಡದವರೆಗೆ ತಡಕುತ್ತಿತ್ತು.

“ಮನೆಯೆಲ್ಲಾ ಹುಡುಕಿ ಕೊನೆಗೆ ಕೈಗೆ ಮಸಿ ಕೊಡುತ್ತೆ, ದರಿದ್ರದ್ದು!”

“ಆಟಕ್ಕೆ ಇಷ್ಟೊಂದು ರೋಷ ಯಾಕೆ?” ಎಂದ ಗಂಡ.

“ನೀವು ಸುಮ್ನಿರಿ. ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕ್ಕೊಂಡು ಆಫೀಸಿಗೆ ಹೋಗೋರು!”

ತಂತ್ರಾಂಶ ನೋಡಿಕೊಳ್ಳುವವನಿಗೆ ಫೋನ್ ಮಾಡಿದಳು. “ಹೆಸರು ಸರಿಯಾಗಿ ಬರೆಯೋದು ಆಡೋರ ಕೆಲಸ ಅಲ್ವಾ ಮೇಡಂ?” ಎಂದ ಆ ಪುಣ್ಯಾತ್ಮ.

“ಡಾಕ್ಟರು ಚೀಟೀಲಿ ಬಣ್ಣ ತಪ್ಪು ಬರೆದ್ರೆ ನಾನು ಕರೀ ಹಲ್ಲು ಮಾಡಿ ಕಳಿಸ್ತೀನಾ? ಫೋನ್ ಮಾಡಿ ಕೇಳ್ತೀನಿ ಸ್ವಾಮಿ!”

ನಾಲ್ಕು ಸಂಜೆ ಕೂತು ತಾನೇ ತಿದ್ದಿ ಬರೆದಳು. ಹೆಸರಿನ ನಡುವೆ ಜಾಗವಿರಲಿ, ಇಂಗ್ಲಿಷ್ ಅಕ್ಷರ ದೊಡ್ಡದಿರಲಿ ಚಿಕ್ಕದಿರಲಿ, ಈಗ ಬಣ್ಣ ನೇರವಾಗಿ ಸಿಗುತ್ತಿತ್ತು. ಸಿಗದಿದ್ದರೆ, ‘ಇದಿಲ್ಲ, ಹತ್ತಿರದ್ದು ಇದು’ ಎಂದು ಹೇಳುತ್ತಿತ್ತು. ಅವಳು ಕಳಿಸಿದ್ದನ್ನು ತಂತ್ರಾಂಶದವನು ಸೇರಿಸಿಕೊಂಡು, ಪಕ್ಕದಲ್ಲಿ ‘ಸಣ್ಣ ತಿದ್ದುಪಡಿ’ ಎಂದು ಗೀಚಿದ. ಸಣ್ಣ ಬುದ್ಧಿಗೆ ಎಲ್ಲವೂ ಸಣ್ಣದೇ ಎಂದುಕೊಂಡಳು ಹಲ್ಲಕ್ಕ.

ವಾರದ ಮೇಲೆ ಅವನೇ ಫೋನ್ ಮಾಡಿದ. ಯಾರೋ ಆಟಗಾರ ದೊಡ್ಡಕ್ಷರದಲ್ಲೊಂದು, ಚಿಕ್ಕಕ್ಷರದಲ್ಲೊಂದು, ಹೀಗೆ ಒಂದೇ ಹೆಸರಲ್ಲಿ ತನ್ನದೇ ಎರಡು ಬಣ್ಣ ಮಾಡಿಟ್ಟಿದ್ದನಂತೆ. ಅವಳ ಫಂಕ್ಷನ್ನು ಎರಡನ್ನೂ ಒಂದೇ ಮಾಡಿತ್ತು.

“ಮೊದಲು ಆಡೋರು ಬರೆದ ಹಾಗೇ ಹುಡುಕಿ, ಸಿಗದಿದ್ರೆ ಮಾತ್ರ ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಅಂತ ಸಡಿಲ ಮಾಡೋಣ್ವಾ ಮೇಡಂ?”

ಅವನು ಹೇಳಿದ್ದು ಸರಿಯಾಗಿತ್ತು. ಅವಳಿಗೆ ಮೈ ಉರಿದದ್ದು ಅದಕ್ಕೇ. “ಹ್ಞೂಂ, ಮಾಡ್ತೀನಿ” ಎಂದು ಫೋನಿಟ್ಟು, ಹಲ್ಲು ಕಚ್ಚಿಕೊಂಡು ಎರಡು ಸಾಲು ಸೇರಿಸಿ ಕಳಿಸಿದಳು.