ಭಾವಾರು ಕಿತ್ತ ರಿಲೇ

ಗೆಳೆಯರ, ಇವತ್ತ ಮುಂಜಾನೆ ಮಸ್ಕಿಯ ನಮ್ಮ ಹಿಟ್ಟಿನ ಗಿರಣಿ ಮೂರು ಸಲ ತಾನಾಗೇ ಬಂದ್ ಆತು. ಗಂಡನ ಅಣ್ಣಗ ಹೇಳಿದೆ: "ಭಾವಾರ, ಬೇರಿಂಗ್ ಬಿಗಿ ಹಿಡದೈತ್ರಿ. ಮೋಟರ್ ಜಾಸ್ತಿ ಕರೆಂಟ್ ಎಳಿಯಾಕತ್ತೈತಿ, ಅದು ಸುಡಬಾರದಂತ ರಿಲೇ ಕಾದು ಲೈನ್ ಕಡೀತೈತಿ."

"ನೀ ಐಟಿಐ ಓದೀಯವ್ವ, ಗಿರಣಿ ನಡಿಸಿದಾಂವ ನಾನು," ಅಂತ ನಕ್ಕು, ರಿಲೇ ಕಿತ್ತು ಕಿಸೆದಾಗ ಹಾಕ್ಕೊಂಡು ವೈರ್ ಡೈರೆಕ್ಟ್ ಕೊಟ್ಟರು. ಗಿರಣಿ ತಿರುಗಿತು. "ನೋಡ್ದಿ?" ಅಂದರು.

ಹತ್ತು ನಿಮಿಷಕ್ಕ ಮೋಟರ್‌ನಿಂದ ಹೊಗಿ ಎದ್ದಿತು. ಜ್ವಾಳ ತಂದ ಹೆಣ್ಮಕ್ಕಳು ಡಬ್ಬಿ ಬಿಟ್ಟು ಓಡಿದರು. ನಾನ ಓಡಿಹೋಗಿ ಮೇನ್ ಆಫ್ ಮಾಡಿದೆ. ಅಷ್ಟರಾಗ ಮೋಟರ್ ಸುಟ್ಟು ಕರಕಲಾಗಿತ್ತು.

ಭಾವಾರು ಕೆಮ್ಮುತ್ತ ಹೊರಗ ಬಂದು, "ಆ ರಿಲೇನ ಸರಿ ಇಲ್ಲ," ಅಂದರು.

ಹೌದ್ರಿ, ತಪ್ಪೆಲ್ಲಾ ಅದರದ. ಭಾವಾರ ಕಿಸೆದಾಗ ಕುಂತು ಮೋಟರ್ ಉಳಿಸಾಕ ಅದಕ್ಕ ಬರಲಿಲ್ಲ ನೋಡ್ರಿ.