ಹೊಸ ಬಸ್ಸು, ಹಳೆಯ ಗಂಟಲು: ಸೊರಬಕ್ಕೆ ಹೋಗಿ ಬಂದದ್ದು

ಶಿಕಾರಿಪುರದಿಂದ ಸೊರಬಕ್ಕೆ ಇಪ್ಪತ್ತೈದು ಮೈಲಿ. ಕಾಶಿಗೆ ಹೋಗಿ ಬಂದವರು ಪ್ರವಾಸ ಬರೆಯುತ್ತಾರೆ. ನಾನು ಸೊರಬಕ್ಕೆ ಹೋಗಿ, ಅದೂ ಸಂಜೆಯೊಳಗೆ ತಿರುಗಿ ಬಂದು, ಬರೆಯಲು ಕೂತಿದ್ದೇನೆ. ನಗುವವರು ನಗಲಿ. ಆದರೆ ಕಾಶಿಯ ದಾರಿಯಲ್ಲಿ ಯಾರಾದರೂ ತಾವೇ ಬಸ್ಸಾಗಿ ಪ್ರಯಾಣ ಮಾಡಿದ್ದನ್ನು ನಾನು ಕೇಳಿಲ್ಲ. ನಾನು ಮಾಡಿದೆ.

ಕಾರ್ತಿಕದ ಬೆಳಗು. ಹುಚ್ಚರಾಯನ ಕೆರೆಯಿಂದ ಎದ್ದ ಮಂಜು ಊರೊಳಕ್ಕೆ ನಡೆದು ಬಂದು, ಸಾಹುಕಾರರ ಮನೆಯ ಮುಂದೆ ನಿಂತ ಹೊಸ ಬಸ್ಸಿನ ಸುತ್ತ ಕೂತಿತ್ತು. ಮುಂಬಯಿಯಿಂದ ಬರಿ ಎಂಜಿನ್ನು, ಚಕ್ರ, ಸ್ಟೀರಿಂಗುಗಳ ಅಸ್ಥಿಪಂಜರವಾಗಿ ಬಂದ ಗಾಡಿ ಅದು. ದಾವಣಗೆರೆಯ ಬಡಗಿಗಳು ಅದಕ್ಕೆ ಮೈ ಕಟ್ಟಿ, ನೀಲಿ ಬಣ್ಣ ಬಳಿದು ಕಳಿಸಿದ್ದರು. ಮಂಜಿನಲ್ಲಿ ನೋಡಿದರೆ ಬಸ್ಸು ನೆಲ ಬಿಟ್ಟು ಸ್ವಲ್ಪ ಮೇಲೆ ನಿಂತ ಹಾಗಿತ್ತು.

ಅದನ್ನು ಹಾಗೆ ಕಟ್ಟಿಸಿದ್ದು ಸಾಹುಕಾರರ ಸೊಸೆ ನೀಲಮ್ಮ. ಗಂಡ ತೀರಿಕೊಂಡ ಮೇಲೆ, ಮಾವನ ಕಣ್ಣಿಗೆ ಪೊರೆ ಬಂದ ಮೇಲೆ, ಬಸ್ಸಿನ ಕಂಪನಿ ಅವರ ಕೈಗೆ ಬಂದಿತ್ತು. ಹಳೆಯ ಬಸ್ಸಿನಲ್ಲಿ ಜನ ಉದ್ದುದ್ದ ಹಲಗೆಗಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂರುತ್ತಿದ್ದರು. ನೀಲಮ್ಮ ಸೀಟುಗಳನ್ನೆಲ್ಲ ಮುಂದಕ್ಕೆ ತಿರುಗಿಸಿದರು; ಹತ್ತುವ ಮೆಟ್ಟಿಲನ್ನು ಒಂದು ಮೊಳ ಕೆಳಗಿಳಿಸಿದರು. "ಸೀರೆ ಉಟ್ಟು ಒಂದ್ಸಲ ಹತ್ತಿ ನೋಡು, ಆಮ್ಯಾಲೆ ಮಾತಾಡು" ಎಂದು ಬಡಗಿಗೆ ಹೇಳಿದ್ದರಂತೆ. ಪೂರಾ ದಾರಿಗೆ ಒಂದು ರೂಪಾಯಿ ನಾಲ್ಕಾಣೆ ದರ. ಹೊಸ ನಯಾಪೈಸೆಯ ಲೆಕ್ಕದಲ್ಲಿ ನೂರಿಪ್ಪತ್ತೈದು ಎಂದು ಕೂಗಿದರೆ ದರ ಏರಿತೆಂದು ಜನ ಗಾಬರಿಯಾಗುತ್ತಾರೆ, ಆಣೆಯಲ್ಲೇ ಕೂಗು ಎಂದು ನನಗೆ ಅಪ್ಪಣೆಯಾಗಿತ್ತು.

ಕೂಗುವವನು ನಾನು. ಟಿಕೆಟ್ಟು ಹರಿಯುವವನೂ ನಾನೇ. ಕೈಯಲ್ಲಿ ತಗಡಿನ ತುತ್ತೂರಿ. ಈ ಹುದ್ದೆ ಸಿಕ್ಕಿದ್ದು ನನ್ನ ಯೋಗ್ಯತೆಗಲ್ಲ. ಪೇಟೆಯ ಕಟ್ಟೆಯ ಮೇಲೆ ಸಾಹುಕಾರರ ಕೆಮ್ಮು, ಬೈಗಳು, ಅಡಿಕೆ ಉಗುಳುವ ಶೈಲಿ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದಾಗ ಹಿಂದೆ ನೀಲಮ್ಮ ನಿಂತಿದ್ದರು. ನನ್ನ ಕತೆ ಮುಗಿಯಿತೆಂದುಕೊಂಡೆ. ಅವರು, "ಮಾವಾರನ್ನ ಇಷ್ಟು ಚಂದ ಮಾಡ್ತೀಯಲ್ಲ, ನನ್ನ ಬಸ್ಸಿಗೆ ನಾಕು ಒಳ್ಳೇ ಮಾತಾಡಾಕೆ ಬರಲ್ಲೇನು?" ಎಂದರು.

ಹೊರಡುವಾಗ ಸಾಹುಕಾರರು ಜಗಲಿಯಿಂದಲೇ ತಮ್ಮ ಷರತ್ತು ಹೇಳಿದರು. "ನೀಲವ್ವ, ಮೂರು ದಿನದಿಂದ ಖಾಲಿ ಗಾಡಿ ಓಡಸಾಕ ಹತ್ತೀಯಂತ. ಇವತ್ತು ಸಂಜೀಕ ಸೀಟು ತುಂಬಿ ಬಂದ್ರ ಕೀಲಿಕೈ ನಿನ್ನದು. ಇಲ್ಲಂದ್ರ ಇದನ್ನ ಮಾರಿ, ಹಳೇದನ್ನ ಶೆಡ್ಡಿನಿಂದ ತಗದು ಅಳಿಯನ ಕೈಗೆ ಕೊಡ್ತೀನಿ."

"ಆಗಲಿ ಮಾವ" ಎಂದು ನೀಲಮ್ಮ ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದರು.

ಡ್ರೈವರ್ ಹುಸೇನ್ ಸಾಬರು ಯುದ್ಧದ ಕಾಲದಲ್ಲಿ ಇದ್ದಿಲ ಗ್ಯಾಸಿನಲ್ಲಿ ಬಸ್ಸು ಓಡಿಸಿದವರು. ಹೊಸ ಗಾಡಿಯ ಮುಂದೆ ಹೊಸ ಮದುಮಗನಂತೆ ನಾಚಿಕೊಂಡಿದ್ದರು. "ಸದ್ದೇ ಇಲ್ಲ ನೋಡಪ್ಪ ಗಿಳಿರಾಯ. ಬದುಕೇತೋ ಸತ್ತೇತೋ ತಿಳಿಯಂಗಿಲ್ಲ" ಎಂದು ನನಗೆ ಹೇಳಿ ಹೊರಡಿಸಿದರು. ಗಿಳಿರಾಯ ಅಂದರೆ ನಾನು. ಕಲಿಸಿದ್ದಷ್ಟೇ ಆಡುವವನು ಎಂದು ಅರ್ಥ.

ಸಾಬರ ಮಾತು ನಿಜ. ಬಸ್ಸು ಏರುಗಳನ್ನು ಗುನುಗುತ್ತ ಹತ್ತಿತು, ಇಳುಕಲಿನಲ್ಲಿ ತೇಲಿತು. ಎರಡೂ ಕಡೆ ಭತ್ತದ ಗದ್ದೆ ಮಂಜಿನಡಿ ಮಲಗಿತ್ತು. ನಾನು ತುತ್ತೂರಿ ಹೊರಗೆ ಚಾಚಿ, "ಬರ್ರೀ, ಮುಂದೆ ನೋಡ್ಕೊಂಡು ಕೂರೋ ಸೀಟು! ಎದುರಿನೋರ ಬಾಯಿವಾಸನೆ ಇಲ್ಲ!" ಎಂದು ಕೂಗಿದೆ. ನನ್ನ ಕೂಗು ಮಂಜಿನಲ್ಲಿ ಹತ್ತು ಮಾರು ಹೋಗಿ ಕರಗಿತು. ಸಾಬರು ಹೊಸ ವಿದ್ಯುತ್ ಹಾರ್ನ್ ಒತ್ತಿದರು. ಮುಂದೆ ಸೌದೆ ಹೊತ್ತು ಹೊರಟಿದ್ದ ನಾಲ್ವರು ಹೊರೆಸಮೇತ ಬೇಲಿ ಹಾರಿ ಮಾಯವಾದರು. ಅವರ ಲೆಕ್ಕದಲ್ಲಿ ಅಂಥ ಹಾರ್ನ್ ಇದ್ದದ್ದು ಫಾರೆಸ್ಟಿನವರ ಜೀಪಿಗೆ ಮಾತ್ರ.

ಒಂದೊಂದು ಊರಿನ ಮರದ ಕೆಳಗೂ ನಿಂತೆವು, ಯಾರೂ ಇಲ್ಲ. ಹೊರಟು ಅರ್ಧ ಫರ್ಲಾಂಗು ಹೋದ ಮೇಲೆ ಹಿಂದಿನಿಂದ ಯಾರೋ ಕೈಬೀಸಿದ ಹಾಗೆ ಅನ್ನಿಸುತ್ತಿತ್ತು. ಮಂಜಿನ ಆಟವೆಂದುಕೊಂಡೆ. ಶಿರಾಳಕೊಪ್ಪದಲ್ಲಿ ಅಂತೂ ಮೂವರು ಹತ್ತಿದರು, ಜೊತೆಗೊಂದು ಹುಂಜ. ಹುಂಜಕ್ಕೆ ಸೀಟು ಬಹಳ ಹಿಡಿಸಿತು. ಸೊರಬ ಹತ್ತಿರವಾದಾಗ ಮಂಜು ಹರಿದು, ಬಿಳಿಯ ಹಕ್ಕಿಗಳ ಸಾಲೊಂದು ಗುಡವಿ ಕೆರೆಯ ಕಡೆಗೆ ನಮ್ಮ ತಲೆಯ ಮೇಲೆ ಹಾದುಹೋಯಿತು. "ಅವೂ ನಮ್ಮ ಬಸ್ಸಿಗೆ ಬರಲಿಲ್ಲ ನೋಡ್ರಿ ಅಕ್ಕಾರೆ" ಎಂದೆ. ನೀಲಮ್ಮ ನಗಲಿಲ್ಲ. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ನೋಡುತ್ತಿದ್ದರು. ನನ್ನ ಬಾಯಿಗೆ ಮೊದಲ ಬಾರಿ ನಾಚಿಕೆಯಾಯಿತು.

ಮಧ್ಯಾಹ್ನ ವಾಪಸು ಹೊರಡುವ ಮುಂಚೆ ಸೊರಬದ ಹೋಟೆಲಿನಲ್ಲಿ ಅವಲಕ್ಕಿ ತಿಂದು ಕಾಫಿ ಕುಡಿದೆವು. ಪಕ್ಕದ ಬೆಂಚಿನಲ್ಲಿ ಗಂಟುಮೂಟೆ ಇಟ್ಟುಕೊಂಡ ಅಜ್ಜಿಯೊಬ್ಬರು ಹೋಟೆಲಿನವನ ಹತ್ತಿರ ದೂರುತ್ತಿದ್ದರು. "ಮೂರು ದಿನ ಆತು ಮಾರಾಯ, ಮಗಳ ಮನೆಗೆ ಹೊರಟು ಕೂತು. ಎಂತ ಬಸ್ಸೋ, ಬರೋದೇ ಇಲ್ಲ!"

"ದಿನಾ ಬಂದು ಹೋಗ್ತದೆ ಅಜ್ಜಿ. ನಾವೇ ತಂದೀವಿ" ಎಂದೆ.

"ಸುಳ್ಳು ಹೇಳಬೇಡ. ಬಂದಿದ್ರೆ ನಂಗೆ ಕೇಳ್ತಿರಲಿಲ್ವ? ಅದು ಆ ಏರಲ್ಲಿ ನರಳಿದ್ರೆ ನಾನು ತಲೆ ಬಾಚ್ಕಳದು. ಸೇತುವೆ ಮೇಲೆ ಕೆಮ್ಮಿದ್ರೆ ಬಾಗಿಲಿಗೆ ಚಿಲಕ ಹಾಕದು. ಆಮೇಲೆ ಪೋಂಪೋಂ ಅಂದ್ರೆ ರಸ್ತೆಗೆ ಬರದು. ಊರೆಲ್ಲ ಹಂಗೇ."

ನನಗೆ ಚೇಷ್ಟೆ ತಡೆಯಲಾಗಲಿಲ್ಲ. "ಹಿಂಗೇನ್ರಿ ಅಜ್ಜಿ?" ಎಂದು ತುತ್ತೂರಿಗೆ ಬಾಯಿಟ್ಟು ಹಳೆಯ ಬಸ್ಸನ್ನು ಮಾಡಿದೆ. ಅದು ಏರಿನಲ್ಲಿ ನರಳುವುದು, ಗೇರು ಬೀಳುವಾಗ ಹಲ್ಲು ಕಡಿಯುವುದು, ಸೇತುವೆಯ ಮೇಲೆ ಕೆಮ್ಮುವುದು, ಕೊನೆಗೆ ರಬ್ಬರಿನ ಉಂಡೆ ಹಿಂಡಿದ ಹಾರ್ನಿನ ಪೋಂಪೋಂ. ತುತ್ತೂರಿ ಕೆಳಗಿಡುವಷ್ಟರಲ್ಲಿ ಎದುರು ಬೀದಿಯಲ್ಲಿ ಚಿಲಕ ಬಿದ್ದ ಸದ್ದು. ಒಂದು ಮನೆಯಿಂದ ಗಂಡಹೆಂಡತಿ ಚೀಲ ಹಿಡಿದು ಓಡಿ ಬಂದರು. ಇನ್ನೊಂದು ಮನೆಯಿಂದ ಅರ್ಧ ಕ್ಷೌರವಾದ ಮುಖವೊಂದು ಬಂತು. "ಎಲ್ಲಿ, ಬಸ್ಸು ಎಲ್ಲಿ?"

ನೀಲಮ್ಮ ಕಾಫಿಯ ಲೋಟ ಕೆಳಗಿಟ್ಟು ಎದ್ದರು. "ಸಾಬರೆ, ಆ ಹೊಸ ಹಾರ್ನಿನ ವೈರು ಕಿತ್ತುಬಿಡ್ರಿ." ನನ್ನ ಕಡೆ ತಿರುಗಿ, "ಗಿಳಿರಾಯ, ಮೇಲೆ ಹತ್ತು" ಎಂದರು.

ಹೀಗೆ ನಾನು ಟಾಪಿನ ಮೇಲೆ ಕೂತು ಬಸ್ಸಾದೆ. ಕೆಳಗೆ ಹೊಸ ಎಂಜಿನ್ನು ಗುನುಗುತ್ತ ಸಾಗುತ್ತಿತ್ತು. ಮೇಲೆ ನಾನು ಪ್ರತಿ ಊರಿಗೂ ಒಂದು ಮೈಲಿ ಮುಂಚಿನಿಂದಲೇ ನರಳುತ್ತ, ಕೆಮ್ಮುತ್ತ ಬರುತ್ತಿದ್ದೆ. ಇಳಿಬಿಸಿಲು ಗದ್ದೆಯ ಮೇಲೆ ಹಳದಿಯಾಗಿ ಹರಡಿತ್ತು. ಆ ಹಳದಿಯಲ್ಲಿ ದೂರದ ಹಾದಿಗಳಿಂದ ಜನ ಅವಸರವಿಲ್ಲದೆ ಬರುವುದು ಕಾಣುತ್ತಿತ್ತು: ತಲೆ ಬಾಚಿ, ಚಿಲಕ ಹಾಕಿ, ಎಲ್ಲ ತಮ್ಮ ತಮ್ಮ ಹೊತ್ತಿಗೆ ಸರಿಯಾಗಿ. ಸತ್ತ ಬಸ್ಸೊಂದರ ಧ್ವನಿ ಕೇಳಿ ಬಂದವರು ನೀಲಿ ಬಸ್ಸನ್ನು ನೋಡಿ ಕಣ್ಣುಜ್ಜಿಕೊಂಡು, ತಗ್ಗಿನ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದರು. ನಾನು ಎಚ್ಚರವಾಗಿದ್ದೇನೋ ಯಾರದೋ ಕನಸಿನಲ್ಲಿ ಕೂತಿದ್ದೇನೋ ಎನ್ನಿಸಿತು. ಕೆಳಗಿನಿಂದ ಸಾಬರ ದನಿ ಬಂತು: "ನನ್ನ ಹಳೇ ಗಾಡೀನ ಹೊಟ್ಟಿಯೊಳಗ ಇಟ್ಕೊಂಡು ತಿರುಗ್ತೀಯಲ್ಲೋ ಬದ್ಮಾಶ್!"

ಶಿಕಾರಿಪುರಕ್ಕೆ ಎರಡು ಮೈಲಿ ಇರುವಾಗ ಹಿಂದಿನ ಸಾಲಿನಲ್ಲಿ ಇನ್ನೂ ಮೂರು ಸೀಟು ಖಾಲಿ. ಕೊನೆಯ ಊರಿನ ಏರಿಗೆ ಬಂದೆವು. ತುತ್ತೂರಿ ಎತ್ತಿದೆ. ಗಾಳಿ ಬಂತು, ಧ್ವನಿ ಬರಲಿಲ್ಲ. ನನ್ನ ಗಂಟಲು ಕೈಕೊಟ್ಟಿತ್ತು. ಊರಿಗೆಲ್ಲ ಅಣಕ ಹಂಚಿದವನಿಗೆ ಬೇಕಾದ ಹೊತ್ತಿನಲ್ಲಿ ಒಂದು ನರಳಿಕೆಗೂ ಗತಿಯಿಲ್ಲ.

ಟಾಪಿನ ಮೇಲಿಂದ ಬಗ್ಗಿ, ಕೈಸನ್ನೆ ಮಾಡಿ ತೋರಿಸಿದೆ. ನೀಲಮ್ಮ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರು. ಆಗ ಸೊರಬದ ಅಜ್ಜಿ ಕೂತಲ್ಲಿಂದಲೇ "ಹ್ಞೂಂ… ಹ್ಞೂಂ…" ಎಂದು ನರಳಲು ಶುರು ಮಾಡಿದರು. ಅರ್ಧ ಕ್ಷೌರದವನು ಬಾಯಲ್ಲೇ ಗೇರು ಹಾಕಿದ. ಹಿಂದಿನವರು ಕೆಮ್ಮಿದರು. ಪ್ರತಿಯೊಬ್ಬರಿಗೂ ಅದು ಬಾಯಿಪಾಠ! ನಾನೊಬ್ಬನೇ ಕಲಾವಿದನೆಂದು ತಿಳಿದಿದ್ದೆ. ಇಡೀ ಬಸ್ಸು ನರಳುತ್ತ ಏರು ಹತ್ತಿತು. ಮೇಲೆ ಮರದ ಕೆಳಗೆ ಈಸೂರಿನ ರೈತರೊಬ್ಬರು, ಹೆಂಡತಿ ಮತ್ತು ತಾಯಿಯ ಜೊತೆ, ನಿಂತಿದ್ದರು. "ಹೊಟ್ಟಿನೋವೇನ್ರಿ ಎಲ್ಲಾರಿಗೂ?" ಎಂದು ಕೇಳಿ ಹತ್ತಿದರು.

ನರಳುತ್ತಲೇ ಊರು ಹೊಕ್ಕೆವು. ಜಗಲಿಯ ಮೇಲಿದ್ದ ಸಾಹುಕಾರರು ಸದ್ದು ಕೇಳಿ ಎದ್ದು ನಿಂತಿದ್ದರು. "ಹಳೇದು ಶೆಡ್ಡಿನಾಗ ಐತಲ್ಲ! ಇದ್ಯಾವುದು?" ಕೋಲೂರಿಕೊಂಡು ಬಂದು ಬಾಗಿಲ ಬಳಿ ನಿಂತರು. ಜನ ಒಬ್ಬೊಬ್ಬರಾಗಿ ಇಳಿದರು. ಅಜ್ಜಿಯೂ ಇಳಿದರು. ಸಾಹುಕಾರರು, "ಯಾವ ಹೆಣ್ಮಗಳೂ ಕೈ ಹಿಡೀರಿ ಅನ್ಲಿಲ್ಲ?" ಎಂದು, ಕಾಲಿನಿಂದ ಮೆಟ್ಟಿಲನ್ನು ತಡವಿದರು. ಅದು ಎಷ್ಟು ತಗ್ಗಿನಲ್ಲಿದೆಯೆಂದು ಕಾಲಿಗೆ ತಿಳಿಯಿತು.

ನೀಲಮ್ಮ ಸೆರಗಿನ ಗಂಟು ಬಿಚ್ಚಿ, ಕೀಲಿಕೈ ಅವರ ಮುಂದೆ ಹಿಡಿದು, "ತುಂಬಿ ಬಂದೀವಿ ಮಾವ" ಎಂದರು.

"ಗಂಟು ಯಾಕ ಬಿಚ್ಚಿದಿ? ಹಾಕ್ಕೋ" ಎಂದರು ಅವರು. "ಹಳೇದರ ಹಾರ್ನು ಬಿಚ್ಚಿ ಇದಕ್ಕ ಹಾಕಸು. ಊರು ಇನ್ನೂ ಒಂದು ಮೈಲಿ ಇರೂವಾಗಿಂದ್ಲೇ ಹಿಂಡಬೇಕು."

ಹೀಗೆ ನನ್ನ ಹುದ್ದೆಯ ಅರ್ಧ ರಬ್ಬರಿನ ಉಂಡೆಯೊಂದಕ್ಕೆ ಹೋಯಿತು. ಮರುದಿನ ಗಂಟಲಿಗೆ ಶುಂಠಿ ಕಷಾಯ ಸುರಿದುಕೊಂಡು ಕೆರೆಯ ಏರಿಯ ಮೇಲೆ ನಿಂತಿದ್ದೆ. ನನಗೆ ರಜೆ. ನೀಲಿ ಬಸ್ಸು ಮಂಜಿನೊಳಗೆ ಹೊಕ್ಕಿತು. ಪೋಂಪೋಂ ಎಂದಿತು, ನಿನ್ನೆ ನಾನು ಮಾಡಿದ್ದನ್ನು ಅದು ಅಣಕಿಸಿದಂತೆ ಕೇಳಿತು. ಮರುತ್ತರ ಕೊಡಲು ಬಾಯಿ ತೆರೆದೆ, ದನಿಯಿಲ್ಲ. ಬಸ್ಸು ಕಾಣದಾಯಿತು. ಕೆರೆಯಾಚೆ, ಮಂಜಿನೊಳಗೆ, ಯಾವುದೋ ಮನೆಯ ಚಿಲಕ ಬಿದ್ದ ಸದ್ದು ಕೇಳಿತು.