ಪಕ್ಕಾ ಶಾಯಿ

‘ಪಕ್ಕಾ’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಬಸವಕಲ್ಯಾಣದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಕಣ್ಣು ಪಕ್ಕಾ ಕಾಣುತ್ತದೆ ಎನ್ನುವವರು ತಮಗಿಂತ ಮುಂಚೆ ಕೂತವರಿಂದ ಗೋಡೆಯ ಅಕ್ಷರಗಳನ್ನು ಕೇಳಿಕೊಂಡು ಬಾಯಿಪಾಠ ಒಪ್ಪಿಸುತ್ತಾರೆ. ನಾನು ಹಲಗೆ ಬದಲಿಸಿದ ಮೇಲೂ ಅದೇ ಪಾಠ ನಡೆದಿರುತ್ತದೆ. ಇಂಥ ಕಸುಬಿನವನು ಯಾರನ್ನು ನಂಬಬೇಕು ಹೇಳಿ? ಹೆಂಡತಿ ಸಾರಿಗೆ ಉಪ್ಪು ಹಾಕಿದ್ದೇನೆ ಅಂದರೂ ಮೊದಲು ಬೆರಳಿಗೆ ಹಚ್ಚಿಕೊಂಡು ನೋಡುತ್ತೇನೆ. ಆಮೇಲೆ ಅದರ ಫಲವನ್ನೂ ಉಣ್ಣುತ್ತೇನೆ.

ನಡುವಯಸ್ಸಿನಲ್ಲಿ ನನಗೆ ಶಾಯಿಪೆನ್ನಿನಿಂದ ಚಿತ್ರ ಬರೆಯುವ ಚಟ ಅಂಟಿತು. ಅನುಮಾನದ ಮನುಷ್ಯನಿಗೆ ತಕ್ಕ ಚಟವೇ ಅದು. ನೀರಿಗೆ ಕರಗುವ ಶಾಯಿ ಪೆನ್ನಿನಲ್ಲಿ ಸರಾಗವಾಗಿ ಹರಿಯುತ್ತದೆ, ಆದರೆ ಒಂದು ಹನಿ ಬೆವರು ಬಿದ್ದರೆ ಇಡೀ ಚಿತ್ರವನ್ನು ಬಿಟ್ಟುಕೊಡುತ್ತದೆ. ನೀರಿಗೆ ಜಗ್ಗದ ಶಾಯಿಯೋ, ಕಾಗದದ ಮೇಲೆ ಒಣಗುವ ಮೊದಲು ಪೆನ್ನಿನ ಗಂಟಲಲ್ಲೇ ಒಣಗಿ ಕೂತುಬಿಡುತ್ತದೆ. ಕಾಗದವೂ ಸಾಚಾ ಅಲ್ಲ. ಶಾಲೆ ಮಕ್ಕಳ ಡ್ರಾಯಿಂಗ್ ಹಾಳೆ ಶಾಯಿ ಕುಡಿದು ಪ್ರತಿ ಗೆರೆಗೂ ಮೀಸೆ ಬರಿಸುತ್ತದೆ. ಮದುವೆ ಕಾರ್ಡಿನಂಥ ನುಣುಪು ಕಾಗದ ಕುಡಿಯುವುದೇ ಇಲ್ಲ. ಅರ್ಧ ಚಿತ್ರ ನನ್ನ ಅಂಗೈಗೆ ಹತ್ತಿ ಮನೆಗೆ ಬರುತ್ತದೆ.

ಹೀಗಾಗಿ ಹುಮನಾಬಾದಿನ ಅಂಗಡಿಯೊಂದರಲ್ಲಿ ನಾನು ಹಾಳೆ ಹಾಳೆಗೂ ಗೆರೆ ಎಳೆದು, ಹಿಂದೆ ಮುಂದೆ ತಿರುವಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಅಂಗಡಿಯವನಿಗೆ ಸಾಕಾಯಿತು.

“ಸಾಹೇಬ್ರ, ಕಾಗದ ತಗೊಳ್ಳಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?”

ಕೊನೆಗೂ ದಪ್ಪನೆಯದೊಂದು ಕಾಗದ ಪಾಸಾಯಿತು. ಆತ ಶಾಯಿ ಬಾಟಲಿ ಮುಂದಿಟ್ಟು, “ಇದು ಪಕ್ಕಾ ಅದರಿ. ನೀರಾಗ ಅದ್ದಿದ್ರೂ ಹೋಗಂಗಿಲ್ಲ” ಎಂದ. ಪರೀಕ್ಷೆಗೆ ತುಸು ನೀರು ಕೇಳಿದೆ. “ಇವತ್ತ ನಳಕ್ಕ ನೀರೇ ಬಂದಿಲ್ರಿ” ಎಂದುಬಿಟ್ಟ. ಆ ಉತ್ತರ ನನಗೆ ಸರಿಬರಲಿಲ್ಲ. ಆದರೂ ಕೊಂಡೆ.

ಮುಂದಿನ ಭಾನುವಾರ ಮೋರಖಂಡಿ ಕಡೆ ಹೋಗಿ, ರಸ್ತೆ ಪಕ್ಕದ ತೊಗರಿ ಹೊಲದ ಬದುವಿನ ಮೇಲೆ ಕೂತು ಒಂದು ಹುಣಸೆಮರ ಬರೆಯತೊಡಗಿದೆ. ಶಾಯಿ ಬಹಳ ಸೊಗಸಾಗಿ ಹರಿಯುತ್ತಿತ್ತು. ಅಷ್ಟು ಸೊಗಸಾಗಿ ಹರಿಯಬಾರದಿತ್ತಲ್ಲ ಎಂದುಕೊಳ್ಳುವಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಹೊಲದ ಒಡತಿ. ಹೆಸರು ಕಾಶಮ್ಮ ಎಂದು ಆಮೇಲೆ ತಿಳಿಯಿತು. ಕೈಯಲ್ಲಿ ಕಳೆ ತೆಗೆಯುವ ಕುರುಪಿ ಇತ್ತು.

“ಏನ್ ಬರ್ಯಾಕತ್ತೀರಿ?”

“ಗಿಡದ ಚಿತ್ರ ತೆಗ್ಯಾಕತ್ತೇನ್ರಿ ಅಕ್ಕಾ.”

“ಯಾಕ?”

“ಸುಮ್ನ” ಅಂದೆ.

“ಹಿಂದಕ್ಕ ಒಬ್ಬಾಂವ ಹಿಂಗೇ ಬಂದು ಕುಂತಿದ್ದ. ಅಂವಾನೂ ಸುಮ್ನ ಅಂದ. ಆಮ್ಯಾಲ ರಸ್ತಾ ಅಗಲ ಮಾಡ್ತೀವಂತ ನನ್ನ ಹೊಲದಾಗ ಕಲ್ಲು ನಟ್ರು.” ಕುರುಪಿಯ ತುದಿಯಿಂದ ಕಾಗದ ತೋರಿಸಿದಳು. “ಇದರಾಗ ನನ್ನ ಗಿಡ ಅದ, ಬದು ಅದ, ಬಾವಿ ಅದ. ಎಲ್ಲಾ ಬಂದಾವ.”

ನಾನು ಕನ್ನಡಕದವನು ಎಂದೆ. ಕಣ್ಣಿನ ಅಳತೆ ತೆಗೆಯುವವನು, ಹೊಲದ್ದಲ್ಲ ಎಂದೆ. ‘ಅಳತೆ’ ಎಂಬ ಪದ ಆಡಬಾರದಿತ್ತು. ಆಕೆಯ ಮುಖ ಇನ್ನಷ್ಟು ಬಿಗಿಯಾಯಿತು.

“ಈ ಮಸಿ ತೊಳದ್ರ ಹೋಗ್ತದೇನ್ರಿ?”

“ಇಲ್ರಿ. ಪಕ್ಕಾ ಅದ ಅಂತ ಅಂಗಡ್ಯಾಂವ ಹೇಳ್ಯಾನ.” ಹೊಸ ಶಾಯಿಯ ಹೆಮ್ಮೆ ನನ್ನ ಬಾಯಿಂದ ಹಾಗೆ ಹೇಳಿಸಿತು.

“ಹಂಗಾದ್ರ ಪಕ್ಕಾ ಮಾಡಾಕೇ ಬಂದೀರಿ. ನಾವು ಹೆಬ್ಬಟ್ಟು ಒತ್ತಿದ ಮಸೀನೂ ಹಿಂಗೇ, ಹೋಗಂಗಿಲ್ಲ.” ಮರದ ಬುಡದಲ್ಲಿದ್ದ ನೀರಿನ ತಂಬಿಗೆ ತಂದು ಮುಂದಿಟ್ಟಳು. “ನೀವೇ ಹಾಕ್ರಿ.”

ಅಲ್ಲಿಯವರೆಗೆ ಎಷ್ಟೋ ಚಿತ್ರಗಳ ಮೇಲೆ ನೀರು ಬಿಟ್ಟು ‘ನಿಲ್ಲಲಿ’ ಎಂದು ಬೇಡಿಕೊಂಡವನು ನಾನು. ಆವತ್ತು ಮೊದಲ ಸಲ ‘ಹೋಗಲಿ’ ಎಂದು ಬೇಡಿಕೊಂಡು ತಂಬಿಗೆ ಬಾಗಿಸಿದೆ. ಮರ ನಡುಗಿದಂತಾಯಿತು. ಬಾವಿ ತುಂಬಿ ಹರಿಯಿತು. ನೋಡುನೋಡುತ್ತಲೇ ಬದು ಬೂದಿಬಣ್ಣದ ಕೆಸರಾಗಿ ಕಾಗದದ ಅಂಚಿನಿಂದ ನನ್ನ ಪ್ಯಾಂಟಿನ ಮೇಲೆ ಇಳಿಯಿತು.

“ಛಲೋ ಮಸಿ ಅದ” ಎಂದಳು ಕಾಶಮ್ಮ, ಮನಸಾರೆ.

ಹುಮನಾಬಾದಿನವನು ನನಗೆ ಮೋಸ ಮಾಡಿದ್ದ. ಸಿಟ್ಟಿಗೇಳಬೇಕಾಗಿದ್ದವನು ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ. ಶಾಯಿಯ ಒಳ್ಳೆಯತನ ಅದು ನಿಲ್ಲುವುದರಲ್ಲಿದೆ ಎಂದು ನಾನು ಎಷ್ಟೋ ಕಾಲದಿಂದ ತಿಳಿದಿದ್ದೆ. ಕಲ್ಲು ನೆಡಿಸಿಕೊಂಡವರ ಲೆಕ್ಕದಲ್ಲಿ ಅದು ಹೋಗುವುದರಲ್ಲಿದೆ.

ಆಕೆ ಈಗ ತುಸು ದೂರದಲ್ಲಿ, ನೆರಳಿಗೆ ಕೂತಳು. ಕುರುಪಿ ಮಾತ್ರ ಕೈ ಬಿಟ್ಟಿರಲಿಲ್ಲ. ನಿಮ್ಮದೇ ಚಿತ್ರ ತೆಗೆಯಲೇ ಎಂದು ಕೇಳಿದೆ. “ತೆಗೀರಿ. ಕಾಗದ ಮಾತ್ರ ನನ್ನ ಹಂತ್ಯಾಕ ಕೊಟ್ಟು ಹೋಗಬೇಕು” ಎಂದಳು. ಉಳಿದಿದ್ದ ದಪ್ಪ ಹಾಳೆಯ ಮೇಲೆ ಬರೆದೆ. ಸೆರಗು ಚೆನ್ನಾಗಿ ಬಂತು. ಆಕೆ ಹಾಳೆಯನ್ನು ಹಿಂದೆ ಮುಂದೆ ತಿರುವಿ, ಬೆಳಕಿಗೆ ಹಿಡಿದು ನೋಡಿ, “ಮೂಗು ನಂದಲ್ಲ” ಎಂದು ತೀರ್ಪು ಕೊಟ್ಟು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಅಕ್ಕಾ, ಬೆವರು ಹತ್ತಿದ್ರ ಚಿತ್ರ ಹೋಗ್ತದ” ಎಂದು ಎಚ್ಚರಿಸಿದೆ.

“ಹೋದ್ರ ಹೋಗ್ಲಿ ಬಿಡ್ರಿ. ನಾ ಇಲ್ಲೇ ಇರ್ತೀನಲ್ಲ.”

ನಾನು ರಸ್ತೆಗೆ ಬಂದು ಬಸ್ಸಿಗೆ ಕೈ ಮಾಡುವ ತನಕ ಆಕೆ ಬದುವಿನ ಮೇಲೆ ನಿಂತೇ ಇದ್ದಳು. ಬೀಳ್ಕೊಡಲು ನಿಂತಿದ್ದಾಳೆ ಎಂದು ಎದೆ ತುಂಬಿ ಬಂತು. ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡಿದೆ. ನಾನು ಕೂತೆದ್ದ ಜಾಗಕ್ಕೆ ಹೋಗಿ ಬಗ್ಗಿ, ಅಲ್ಲಿ ಏನಾದರೂ ನೆಟ್ಟು ಹೋಗಿದ್ದೇನೆಯೇ ಎಂದು ಹುಲ್ಲು ಸರಿಸಿ ಹುಡುಕುತ್ತಿದ್ದಳು.